ಮುಸುಕಿನೊಳಗಿನ ಗಾಳಿ

ಕೊಪ್ಪಳ
ತಾ. ೮-೧೨-೧೯೩೮

ತಮ್ಮ ಮಕ್ಬುಲಸಾಬನಿಗೆ ಉಮಾಪತಿಯ ಪ್ರೀತಿಯ ಆಶೀರ್ವಾದಗಳು.

ನಿನ್ನ ಎರಡು ಕಾಗದಗಳೂ ನಕ್ಷೆಯೂ ಬಂದು ಮುಟ್ಟಿ ತಿಂಗಳ ಮೇಲಾಯಿತು. ಉತ್ತರವಿಲ್ಲವೆಂದು ಬೈದುಕೊಂಡಿರುತ್ತೀ, ಬೈದುಕೋ. ಹತ್ತಿಯ ಹಂಗಾಮು ಬರುವುದರೊಳಗೆ ಅರಳೆ ಬಿಡಿಸುವ ಜಿನ್ನಿನ ಯಂತ್ರಗಳನ್ನೆಲ್ಲ ಬಿಚ್ಚಿ, ತೊಳೆದು, ಮತ್ತೆ ಜೋಡಿಸಬೇಕು. ಹಗಲು ಮಾಲೀಕರ ಯಂತ್ರ, ಸಂಜೆ ನಮ್ಮ ಯಂತ್ರ. ಊಟಕ್ಕೆ ಕೂತಲ್ಲೇ ತೂಕಡಿಸುತ್ತೇನೆ. ನಲವತ್ತು ದಾಟಿದವನಿಗೆ ವಿಮಾನ ಕಟ್ಟುವ ಹುಚ್ಚು ಯಾಕೆ ಬೇಕಿತ್ತೆಂದು ಒಮ್ಮೊಮ್ಮೆ ನನಗೇ ಅನಿಸುತ್ತದೆ. ಹುಚ್ಚು ಹಿಡಿಸಿದವನು ನೀನು. ಹಿಡಿಸಿ, ಮುಂಬಯಿಯ ವಿಮಾನ ರಿಪೇರಿಯ ಕಾರ್ಖಾನೆಗೆ ನೌಕರಿ ಅಂತ ಓಡಿಹೋದೆ.

ನಿನ್ನ ತಾಯಿ ಸೈದಾನಬಿ ಆರಾಮಿದ್ದಾರೆ. ಮೊನ್ನೆ ಹೋಗಿದ್ದಾಗ, "ಅಂವ ಊಟರೇ ಹೊತ್ತಿಗೆ ಮಾಡ್ತಾನೋ ಇಲ್ಲೋ, ಅದನ್ನಷ್ಟು ಬರದು ಕೇಳಪಾ. ವಿಮಾನದ ಸುದ್ದಿ ನನಗ ಬ್ಯಾಡ" ಅಂದರು. ಕೇಳಿದ್ದೇನೆ, ಉತ್ತರ ಅವರಿಗೇ ಬರೆ.

ಈಗ ನೀನು ಕಾಯುತ್ತಿರುವ ಸಂಗತಿ. ಆ ಹಳೆಯ ಎಂಜಿನ್ನು ಮೋಟಾರ್ ಸೈಕಲ್ಲಿನ ಮೇಲೆ ಬತ್ತಲೆ ಕೂತಿದ್ದಾಗ ತಣ್ಣಗಿತ್ತು. ವಿಮಾನದ ಮೂತಿಗೆ ಕೂಡಿಸಿ ಮೇಲೆ ತಗಡು ಹೊದಿಸಿದ್ದೇ ತಡ, ಕೆಂಡವಾಗತೊಡಗಿತು. ನೀನು ಆ ತಗಡಿಗೆ ಕೌಲಿಂಗ್ ಅನ್ನುತ್ತೀ, ಇಲ್ಲಿ ಎಲ್ಲರ ಬಾಯಲ್ಲೂ ಅದು ಮುಸುಕು. ಎರಡು ಸಿಲಿಂಡರುಗಳಲ್ಲಿ ಮುಂದಿನದು ಹೇಗೋ ತಡೆದುಕೊಳ್ಳುತ್ತಿತ್ತು. ಹಿಂದಿನದಕ್ಕೆ ಮಾತ್ರ ಗಾಳಿ ತಾಗುತ್ತಲೇ ಇರಲಿಲ್ಲ. ಎಷ್ಟು ಕಾಯುತ್ತದೆಂದು ನೋಡಲು, ನೀನು ಕಲಿಸಿದಂತೆ ಅದರ ಮೈಮೇಲೆ ಬೆಸುಗೆಯ ಸೀಸದ ಒಂದು ಹನಿ ಅಂಟಿಸಿ ಎಂಜಿನ್ನು ಓಡಿಸಿದೆ. ಒಂದು ಬೀಡಿ ಮುಗಿಯುವಷ್ಟರಲ್ಲಿ ಹನಿ ಕರಗಿ ಇಳಿದುಹೋಯಿತು.

ಮಣ್ಣಿನ ಮಾಳಿಗೆಯ ಮನೆಯಲ್ಲಿ ಹುಟ್ಟಿ ಬೆಳೆದವನು ಏನು ಮಾಡುತ್ತಾನೆ ಹೇಳು. ಒಲೆಯ ಹೊಗೆ ಹೋಗಬೇಕೆಂದರೆ ನೆತ್ತಿಯ ಮೇಲೆ ಬೆಳಕಿಂಡಿ ತೆಗೆಯುತ್ತಾನೆ. ನಾನೂ ಮುಸುಕಿನ ನೆತ್ತಿಯಲ್ಲಿ, ಹಾರಿಸುವವನ ಮುಂದಿನ ಗಾಜಿನ ಬುಡದಲ್ಲಿ, ಅಂಗೈಯಗಲ ಕಿಂಡಿ ಕೊರೆದೆ. ಹಾರಿಸಬೇಕಾದ ನನ್ನ ಮೈದುನ ದೇವೇಂದ್ರಪ್ಪ ಬಿದ್ದು ಬಿದ್ದು ನಕ್ಕ. "ಮಾವಾ, ನೀವು ಮನಿ ಕಟ್ಟೀರೋ ವಿಮಾನ ಕಟ್ಟೀರೋ? ಮಳಿ ಬಂದ್ರ ಮುಚ್ಚಾಕ ಒಂದು ಹೆಂಚೂ ಇಡ್ರಿ ಮತ್ತ" ಅಂದ. ಕಿಂಡಿ ತೆಗೆದ ಮೇಲೆ ಎಂಜಿನ್ನು ಮೊದಲಿಗಿಂತ ಜಾಸ್ತಿ ಕಾಯಿತು. ಕಿಂಡಿ ದೊಡ್ಡದು ಮಾಡಿದೆ. ಇನ್ನೂ ಜಾಸ್ತಿ. ಮುಂದಿನ ಬಾಯಿ ಅಗಲಿಸಿದೆ, ಅದೂ ವ್ಯರ್ಥ. ನನಗೆ ಸಾಕಾಗಿಹೋಯಿತು ಮಕ್ಬುಲ. ಆ ತಗಡಿನ ಮುಂದೆ ಕೂತು ಅಳು ಬಂದ ದಿನವೂ ಇದೆ, ಯಾರಿಗೂ ಹೇಳಿಲ್ಲ.

ಕಡೆಗೆ ದೇವೇಂದ್ರಪ್ಪನೇ ಒಂದು ಹಿಡಿ ಅರಳೆ ತಂದು, ಎಳೆ ಎಳೆಯಾಗಿ ಬಿಡಿಸಿ, ಕಿಂಡಿಯ ಸುತ್ತ ಅಂಟಿಸಿದ. ಜಿನ್ನಿನ ಹಿಂದಿನ ಬಯಲಿನಲ್ಲಿ ಒಂದಾಳೆತ್ತರ ಹಾರಿ ಇಳಿದು ಬಂದವನೇ, "ಹೊಗಿ ಹೊರಗ ಹೋಗೂದು ಎಲ್ಲೀದು ಮಾವಾ! ಎಳಿ ಎಲ್ಲಾ ಒಳಗ ನುಗ್ಗಾಕತ್ತಾವ" ಅಂದ. ಗಾಳಿ ಗಾಜಿಗೆ ಬಡಿದು, ಅಲ್ಲೇ ಒಟ್ಟಿ, ನನ್ನ ಬೆಳಕಿಂಡಿಯಿಂದ ಒಳಕ್ಕೆ ಇಳಿಯುತ್ತಿತ್ತು. ಮುಂದಿನಿಂದ ಬಂದ ಗಾಳಿಗೂ ಮೇಲಿನಿಂದ ಬಂದ ಗಾಳಿಗೂ ಒಳಗೆ ಜಗಳ. ಎರಡೂ ಸಿಲಿಂಡರನ್ನು ಮುಟ್ಟುತ್ತಿರಲಿಲ್ಲ.

ಅಷ್ಟರಲ್ಲಿ ನಿನ್ನ ನಕ್ಷೆ ಬಂತು. ನೆತ್ತಿ ಮುಚ್ಚಿ, ಹೊಟ್ಟೆಯಲ್ಲಿ ಕಿಂಡಿ ತೆಗೆದು, ಅದರ ಮುಂದಿನ ಅಂಚನ್ನು ತುಟಿಯಂತೆ ಕೆಳಕ್ಕೆ ಬಾಗಿಸು ಎಂದು ಬರೆದಿದ್ದೆ. ಹೊರಗಿನ ಗಾಳಿ ಅದರಡಿ ಓಡುವಾಗ ಒಳಗಿನ ಬಿಸಿಯನ್ನು ಎಳೆದುಕೊಳ್ಳುತ್ತದೆ ಎಂದೂ, ಹೊರಗೆ ಹೋಗುವ ದಾರಿಯಿಲ್ಲದಿದ್ದರೆ ಗಾಳಿ ಒಳಗೂ ಬರುವುದಿಲ್ಲ ಎಂದೂ ಬರೆದಿದ್ದೆ. ಊರವರಿಗೆ ತೋರಿಸಿದರೆ ಎಲ್ಲರೂ ನಕ್ಕರು. "ಬಿಸಿ ಗಾಳಿ ಎಲ್ಲೆರೆ ಕೆಳಗ ಇಳಿತೈತೇನ್ರಿ?" ಅಂದರು. ನನಗೂ ನಂಬಿಕೆ ಅಷ್ಟಕ್ಕಷ್ಟೇ. ಆದರೂ ನೀನು ಬರೆದಂತೆ ಮಾಡಿದೆ, ಗಾಳಿ ಸಿಲಿಂಡರುಗಳ ಮೈ ಸವರಿಯೇ ಹೋಗಲೆಂದು ಅವುಗಳ ಮಗ್ಗುಲಿಗೆ ಬಿಗಿಯಾಗಿ ತಗಡೂ ಕೂಡಿಸಿದೆ. ಬೆಸುಗೆಯ ಹನಿ ಈಗ ಕದಲುವುದಿಲ್ಲ. ಬಯಲಿನ ಈ ತುದಿಯಿಂದ ಆ ತುದಿಗೆ ಎಷ್ಟು ಸಲ ಹಾರಿ ಇಳಿದರೂ ಇಟ್ಟಲ್ಲೇ ಇದೆ. ಗೆದ್ದೆಯಪ್ಪ ನೀನು.

ಸಂತೋಷ ಪಡಬೇಕು, ಪಡುವಷ್ಟು ತ್ರಾಣ ಉಳಿದಿಲ್ಲ. ನಿನ್ನ ಅತ್ತಿಗೆ ಶೇಖರಮ್ಮನದು ದಿನಾ ಒಂದೇ ರಾಗ. "ಬೆಳದು ನಿಂತ ಹೆಣ್ಣನ್ನ ಎಷ್ಟು ದಿನಾ ಅಂತ ಮನಿಯಾಗ ಇಟ್ಕೋತೀರಿ? ಒಂದು ಕಡೆ ಕಳಿಸಿ ಕೈ ತೊಳ್ಕೋರಿ" ಎಂದು ವಿಮಾನವನ್ನು ಹಂಗಿಸುತ್ತಾಳೆ. ಬಾಯಲ್ಲಿ ನಗೆ, ಒಳಗೆ ಅಂಜಿಕೆ. ತಾಯಿ ಸತ್ತ ಮೇಲೆ ದೇವೇಂದ್ರಪ್ಪನನ್ನು ಎತ್ತಿ ಬೆಳೆಸಿದವಳು ಅವಳೇ; ಅವಳಿಗೆ ಅವನು ತಮ್ಮನಲ್ಲ, ಮಗ. ಅವನೋ, ಹೈದರಾಬಾದಿನಲ್ಲಿ ಹಾರುವುದನ್ನು ಕಲಿತು ಬಂದಾಗಿನಿಂದ ನೆಲದ ಮೇಲೆ ಕಾಲಿಡುತ್ತಿಲ್ಲ. ಫೆಬ್ರವರಿಯಲ್ಲಿ ಹುಲಿಗಿತನಕ ಹಾರಿ, ಹುಲಿಗೆಮ್ಮನ ಗುಡಿಗೆ ಒಂದು ಸುತ್ತು ಹಾಕಿ ಬರುತ್ತಾನಂತೆ.

ಮೈ ಜೋಪಾನ.

ನಿನ್ನ ಅಣ್ಣ,
ಉಮಾಪತಿ


ಕೊಪ್ಪಳ
ತಾ. ೧೭-೪-೧೯೩೯

ಮಕ್ಬುಲನಿಗೆ ಆಶೀರ್ವಾದ.

ನಿನ್ನ ಮೂರು ಕಾಗದಗಳಿಗೆ ಉತ್ತರ ಬರೆಯಲಿಲ್ಲ. ಕ್ಷಮಿಸು. ಲೇಖನಿ ಹಿಡಿದು ಕೂಡುತ್ತಿದ್ದೆ, ನಿನ್ನ ಹೆಸರು ಬರೆಯುತ್ತಿದ್ದೆ, ಮುಂದೆ ಏನೂ ಬರುತ್ತಿರಲಿಲ್ಲ. ದೇವೇಂದ್ರಪ್ಪ ಹೋದ ಸುದ್ದಿ ನಿನಗೆ ಯಾರೋ ತಾರು ಮಾಡಿ ತಿಳಿಸಿದರಂತೆ. ನಾನೇ ತಿಳಿಸಬೇಕಿತ್ತು, ನನ್ನಿಂದ ಆಗಲಿಲ್ಲ.

ನಿನ್ನ ಕಡೆಯ ಕಾಗದ ಓದಿದ ಮೇಲೆ ಇವತ್ತು ಬರೆಯಲೇಬೇಕೆಂದು ಕೂತಿದ್ದೇನೆ. "ನನ್ನ ನಕ್ಷೆಯೇ ಅವನನ್ನು ಕೊಂದಿತು, ನೌಕರಿ ಬಿಟ್ಟು ಬರುತ್ತೇನೆ, ಇನ್ನು ಜನ್ಮದಲ್ಲಿ ಪೆನ್ಸಿಲ್ ಹಿಡಿಯುವುದಿಲ್ಲ" ಎಂದು ಬರೆದಿದ್ದೀ. ಹಾಗೆಲ್ಲ ಮಾಡಬೇಡ. ಆದದ್ದನ್ನು ಹೇಳುತ್ತೇನೆ, ಕೇಳು.

ಫೆಬ್ರವರಿಯ ಆ ಮುಂಜಾನೆ ಬಿಸಿಲು ಏರುವ ಮೊದಲೇ ಹಾರಿಸುವುದೆಂದು ಸಿದ್ಧವಾದೆವು. ಮುಸುಕನ್ನು ಹಿಂದಿನ ಸಂಜೆಯೇ ನಾನು ನೋಡಿ ಬಿಗಿದಿದ್ದೆ. ಜಿನ್ನಿನ ಆಳುಗಳು, ಊರ ಹಿರಿಯರು, ಸಾಲಿಯ ಮಾಸ್ತರರು ಎಲ್ಲರೂ ಬಯಲಿನಲ್ಲಿ ನೆರೆದಿದ್ದರು. ಎಲ್ಲರಿಗೂ ಚಹಾ ಕೊಟ್ಟು, ಆಮೇಲೆ ವಿಮಾನವನ್ನು ಷೆಡ್ಡಿನಿಂದ ಹೊರಗೆ ತಂದೆವು. ದೇವೇಂದ್ರಪ್ಪ ಅಕ್ಕನ ಕಾಲಿಗೆ ಬಿದ್ದು, ನನ್ನ ಕಾಲಿಗೆ ಬಿದ್ದು, ಹತ್ತಿ ಕೂತ. ಎಷ್ಟು ಚಂದ ಎದ್ದಿತು ಗೊತ್ತೇನು! ಎರಡು ವರ್ಷದ ದಣಿವು ಒಂದು ಗಳಿಗೆ ಮರೆತುಹೋಯಿತು. ಅವನು ಒಂದು ಸುತ್ತು ಬಂದು ಕೈ ಬೀಸಿ ಹುಲಿಗಿಯ ದಿಕ್ಕು ಹಿಡಿದ.

ಗಿಣಿಗೇರಿ ದಾಟುವಾಗ ಹೊಟ್ಟೆಯಿಂದ ಹೊಗೆ ಬಂದದ್ದನ್ನು ಕುರಿ ಕಾಯುವವರು ಕಂಡಿದ್ದಾರೆ. ಆಮೇಲೆ ಸಪ್ಪಳ ನಿಂತಿತಂತೆ. ಇಳಿಯಲು ಹೊಲ ಹುಡುಕಿದ್ದಾನೆ ಪಾಪ, ಸಿಕ್ಕದ್ದು ಬಂಡೆಗಳು. ನಾವು ಬಾಡಿಗೆ ಮೋಟಾರಿನಲ್ಲಿ ಹೋಗಿ ಮುಟ್ಟಿದಾಗ ಇನ್ನೂ ಜೀವವಿತ್ತು. "ಎಂಜಿನ್ನ ಹಿಡಕೊಂತು ಮಾವಾ. ಅಕ್ಕಗ ಅಂಜಬ್ಯಾಡ ಅನ್ರಿ" ಅಂದ. ಊರು ಮುಟ್ಟುವುದರೊಳಗೆ ಹೋದ. ನನ್ನ ತೊಡೆಯ ಮೇಲೆ ಹೋದ.

ಪೊಲೀಸ್ ಠಾಣೆಯ ಅಮೀನಸಾಬರು ಬಂದು ಮುರಿದ ವಿಮಾನದ ಪಂಚನಾಮೆ ಮಾಡಿದರು. ಎಂಜಿನ್ನು ಯಾಕೆ ಕಾಯಿತೆಂದು ಕೇಳಿದರು. ಮುಸುಕಿನ ಕೆಲಸ ನನ್ನದು, ತಪ್ಪೂ ನನ್ನದು, ಒಳಗಿನ ತಗಡು ಸಡಿಲಾಗಿ ಗಾಳಿಗೆ ಅಡ್ಡ ಬಂದಿದೆ ಎಂದು ಹೇಳಿ ಸಹಿ ಹಾಕಿದೆ. ಆದರೂ ಊರ ಬಾಯಿ ಮುಚ್ಚಲಿಲ್ಲ. "ಕೆಳಗ ಕಿಂಡಿ ತಗಿ ಅಂತ ಮುಂಬಯಿಂದ ಬರದಾಂವ ಮಕ್ಬುಲ" ಎಂದು ಮಾತಾಡಿದರು, ನಿನ್ನ ತಾಯಿಯ ಕಿವಿಗೂ ಹಾಕಿದರು. ನಾನು ಮನೆ ಮನೆಗೆ ಹೋಗಿ ಹೇಳಿ ಬಂದೆ: ನಕ್ಷೆ ನೆಟ್ಟಗಿತ್ತು, ಕೆಟ್ಟದ್ದು ನನ್ನ ಕೈ. ಈಗ ಬಿಟ್ಟಿದ್ದಾರೆ. ಸೈದಾನಬಿ ಮಾತ್ರ ನನ್ನ ಮುಖ ನೋಡಿ, "ನಿನ್ನ ಕೈ ಹಂಗ ತಪ್ಪಂಗಿಲ್ಲ ಉಮಾಪತಿ" ಅಂದರು. ನಾನು ಎದ್ದು ಬಂದೆ.

ಶೇಖರಮ್ಮ ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಾಳೆ. ಊಟ, ನೀರು, ಬೀಗದ ಕೈ, ಅಷ್ಟೇ. ದೇವೇಂದ್ರಪ್ಪನ ಅಂಗಿಗಳನ್ನು ಒಗೆದು ಒಣಗಿಸಿ ಮಡಚಿಡುತ್ತಾಳೆ, ವಾರ ಬಿಟ್ಟು ಮತ್ತೆ ಒಗೆಯುತ್ತಾಳೆ. ಮುರಿದ ವಿಮಾನ ಷೆಡ್ಡಿನಲ್ಲಿದೆ. ಬಾಗಿಲು ಹಾಕಿದವನು ತೆಗೆದಿಲ್ಲ. ಜಿನ್ನಿನಲ್ಲಿ ಹಂಗಾಮು ಜೋರಾಗಿದೆ, ಹೋಗುತ್ತೇನೆ, ಬರುತ್ತೇನೆ. ಎದ್ದಾಗಲೇ ದಣಿದಿರುತ್ತೇನೆ.

ನೀನು ನೌಕರಿ ಬಿಡಬೇಡ, ಇದು ಅಣ್ಣನ ಮಾತು. ನಿನ್ನ ನಕ್ಷೆಯಲ್ಲಿ ದೋಷವಿರಲಿಲ್ಲ, ನನ್ನ ತಗಡಿನಲ್ಲಿತ್ತು. ದೇವರು ನಿನ್ನ ಕೈಗೂ ಕಣ್ಣಿಗೂ ಬಲ ಕೊಡಲಿ, ನಿನ್ನ ಕೈಯಿಂದ ಇನ್ನೂ ನೂರು ವಿಮಾನ ಏಳಲಿ, ಎದ್ದವೆಲ್ಲ ಸುಖವಾಗಿ ಇಳಿಯಲಿ.

ನಿನ್ನ ಅಣ್ಣ,
ಉಮಾಪತಿ

ತಾ. ಕ. — ಇದನ್ನು ಬರೆದಿಟ್ಟು ನಾಲ್ಕು ದಿನವಾಯಿತು. ಅಂಚೆಗೆ ಹಾಕಲು ಹೋಗಿ ಹೋಗಿ ತಿರುಗಿ ಬರುತ್ತಿದ್ದೇನೆ. ನನ್ನ ಕೈ ಕೆಟ್ಟಿತ್ತೆಂದು ಊರಿಗೆ ಹೇಳಬಹುದು, ಅಮೀನಸಾಬರಿಗೆ ಹೇಳಬಹುದು. ನನ್ನ ಮಗ್ಗುಲಿಗೆ ಕೂತು ತಗಡು ಬಡಿದ ನೀನು ನಂಬುವುದಿಲ್ಲ. ಅಣ್ಣ ನನ್ನನ್ನು ಉಳಿಸಲು ಸುಳ್ಳು ಹೇಳುತ್ತಾನೆ ಅಂದುಕೊಂಡು ಇನ್ನಷ್ಟು ಕುಗ್ಗುತ್ತೀ. ಅದಕ್ಕೇ ಖರೆ ಸಂಗತಿ ಬರೆಯುತ್ತೇನೆ. ಓದಿ ನಿನ್ನಲ್ಲೇ ಇಟ್ಟುಕೋ.

ದೇವೇಂದ್ರಪ್ಪನನ್ನು ಮಣ್ಣು ಮಾಡಿ ಬಂದ ಮೇಲೆ, ಪಂಚನಾಮೆಗೆ ಮೊದಲು, ನಾನೊಬ್ಬನೇ ಬಂಡೆಗಳ ಹತ್ತಿರ ಹೋಗಿ ಮುಸುಕು ಬಿಚ್ಚಿದೆ. ಒಳಗಿನ ತಗಡುಗಳು ನಾನು ಬಿಗಿದಂತೆಯೇ ಇದ್ದವು. ಹೊಟ್ಟೆಯ ಕಿಂಡಿಯಲ್ಲಿ ಒಂದು ಗಂಟು ಸಿಕ್ಕಿಕೊಂಡಿತ್ತು. ಸುಟ್ಟ ಕುಬಸದ ಖಣ, ಅದರೊಳಗೆ ಕರಿಕಾದ ಅಕ್ಕಿ, ಅರಿಷಿಣ ಕೊಂಬು, ಕೊಬ್ಬರಿ ಬಟ್ಟಲು. ಉಡಿ ತುಂಬಿದ್ದರು, ಮಕ್ಬುಲ. ಮನೆ ಬಿಟ್ಟು ಹೊರಡುವ ಹೆಣ್ಣನ್ನು ಬರಿ ಉಡಿಯಲ್ಲಿ ಕಳಿಸಬಾರದೆಂದು ವಿಮಾನಕ್ಕೆ ಉಡಿ ತುಂಬಿ, ದಾರಿಯಲ್ಲಿ ಬೀಳದಿರಲೆಂದು ಖಣದ ತುದಿಯನ್ನು ಒಳಗಿನ ಸರಳಿಗೆ ಗಂಟು ಹಾಕಿದ್ದರು. ಬಿಸಿ ಗಾಳಿ ಹೊರಬೀಳುವ ದಾರಿ ಪೂರ್ತಿ ಮುಚ್ಚಿಹೋಗಿತ್ತು. ಕುರಿ ಕಾಯುವವರು ಕಂಡ ಹೊಗೆ ಆ ಕೊಬ್ಬರಿಯದು.

ಖಣದ ಅಂಚು ಸುಡದೆ ಉಳಿದಿತ್ತು. ಅದು ನಾನೇ ಗುಳೇದಗುಡ್ಡದಿಂದ ಶೇಖರಮ್ಮನಿಗೆ ತಂದುಕೊಟ್ಟ ಖಣ. ನಾವು ಗಂಡಸರು ಚಹಾ ಕುಡಿಯುತ್ತ ನಿಂತಾಗ ಷೆಡ್ಡಿಗೆ ಹೋಗಿ ತುಂಬಿದ್ದಾಳೆ. ಗಂಟನ್ನು ಅಂಗಿಯೊಳಗೆ ಮುಚ್ಚಿಕೊಂಡು ಹುಲಿಗಿಗೆ ಹೋಗಿ ಹೊಳೆಗೆ ಬಿಟ್ಟೆ.

ದಿನಕರ್ಮವೆಲ್ಲ ಮುಗಿದ ಮೇಲೆ ಅವಳಾಗಿಯೇ ಅಳುತ್ತ ಹೇಳಿದಳು. "ಉಡಿ ತುಂಬಿ ಕಳಿಸಿದ್ನೆಲ್ರಿ. ಹುಲಿಗೆಮ್ಮನ ಕಡೆ ಹೊಂಟಾಳ, ನನ್ನ ತಮ್ಮನ್ನ ಸುಖರೂಪ ಹೊಳ್ಳಿ ಕರಕೊಂಡು ಬರ್ತಾಳ ಅಂದ್ಕೊಂಡಿದ್ನಿ. ನಿಮ್ಮ ಮುಸುಕು ಅವನ್ನ ತಿಂತು." ಕಿಂಡಿಯಲ್ಲಿ ಸಿಕ್ಕ ಗಂಟಿನ ಸಂಗತಿ ತಿಳಿದರೆ ಅವಳು ಬದುಕುವುದಿಲ್ಲ. ನನ್ನ ಮುಸುಕೇ ತಿಂದಿತೆಂದು ಇರಲಿ. ಆದರೆ ನೀನು ಮಾತ್ರ ಇದಕ್ಕಾಗಿ ಪೆನ್ಸಿಲ್ ಕೆಳಗಿಟ್ಟರೆ ನನಗೆ ತಡೆಯಲಾಗುವುದಿಲ್ಲ.

ನಿನ್ನೆ ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ರೊಟ್ಟಿ ಮುರಿದವನು ಹಾಗೇ ಕೂತುಬಿಟ್ಟಿದ್ದೆನಂತೆ. ಎರಡು ತಿಂಗಳ ಮೇಲೆ ಮೊದಲ ಸಲ ಶೇಖರಮ್ಮ ನನ್ನ ಮಗ್ಗುಲಿಗೆ ಬಂದು ಕೂತು, ಬೆನ್ನ ಮೇಲೆ ಕೈಯಿಟ್ಟು ಅಂದಳು: "ನೀವೇನು ಬೇಕಂತ ಮಾಡಿದ್ದಲ್ಲಲ್ರಿ. ಎಷ್ಟಂತ ಮನಸಿಗೆ ಹಚ್ಚಿಕೋತೀರಿ? ನಾ ಮನಸಿನ್ಯಾಗ ಏನೂ ಇಟಗೊಂಡಿಲ್ಲ. ಉಣ್ರಿ."

ನಾನು ಉಂಡೆ.