ಕೀ ಕಿತ್ತುಕೊಂಡ ಹಳ್ಳ

ಕಾಜಾ, ಸ್ಪಿತಿ, ಹಿಮಾಚಲ

ಗುಬ್ಬಿಯ ಅತ್ತೆಗೆ ನಮಸ್ಕಾರ.

ಫೋನಿನಲ್ಲಿ ಹೇಳಲು ಹೋದರೆ ಸಿಟ್ಟಿಗೆ ಅಳು ಬರುತ್ತದೆ, ಅದಕ್ಕೇ ಕಾರ್ಡು. ಪೋಸ್ಟ್‌ಮ್ಯಾನ್ ಓದಿಕೊಂಡರೆ ಓದಿಕೊಳ್ಳಲಿ.

ಇಲ್ಲಿ ಹಳ್ಳಗಳು ರಸ್ತೆಯ ಮೇಲೇ ಹರಿಯುತ್ತವೆ. ಬಿಸಿಲಿಗೆ ಹಿಮ ಕರಗಿ, ಬೆಳಿಗ್ಗೆ ಪಾದ ಮುಳುಗದ ನೀರು ಮಧ್ಯಾಹ್ನ ಮೊಣಕಾಲಿಗೆ ಬರುತ್ತದೆ. ಅಂಥದೊಂದರ ಮುಂದೆ ನಮ್ಮ ಗುಂಪಿನ ಕ್ಯಾಪ್ಟನ್ ಶ್ರೀಕರ ನನ್ನ ಬೈಕಿನ ಕೀ ಕಿತ್ತುಕೊಂಡ. "ಮಗು ಇರೋಳು, ನೀನು ನಡ್ಕೊಂಡ್ ಬಾರಮ್ಮ. ನಿನ್ನ ನೀರಿಗಿಳಿಸಲ್ಲ ಅಂತ ಚೈತನ್ಯಂಗೆ ಮಾತು ಕೊಟ್ಟಿದೀನಿ" ಅಂದ.

ತುಮಕೂರಿನಿಂದ ಇಲ್ಲಿಯವರೆಗೆ ಓಡಿಸಿದವಳು ನಾನು! ನಿಮ್ಮ ಮಗ ನಗುನಗುತ್ತಾ ಕಳಿಸಿಕೊಟ್ಟು, ಹಿಂದಿನಿಂದ ಇವನಿಗೆ ಫೋನ್ ಮಾಡಿದ್ದಾರೆ. ಹೋದ ವರ್ಷ ಹಸುಗೂಸು ಬಿಟ್ಟು ಇದೇ ದಾರಿಗೆ ಬಂದಾಗ ಅವರ ಕೀ ಯಾರು ಕಿತ್ತುಕೊಂಡರು?

ಶ್ರೀಕರ ನಡುನೀರಿನಲ್ಲಿ ನನ್ನ ಬೈಕ್ ಸಮೇತ ಬಿದ್ದು ಕಾಲು ಉಳುಕಿಸಿಕೊಂಡ. ಮುಂದಿನ ಹಳ್ಳವನ್ನು ಅವನನ್ನು ಹಿಂದೆ ಕೂರಿಸಿಕೊಂಡು ನಾನೇ ದಾಟಿದೆ.

ಅಲ್ಲಿ ಮಗಳು ಅನನ್ಯ ಏಳುವ ಹೊತ್ತಿಗೆ ಇಲ್ಲಿ ನನಗೂ ಎಚ್ಚರವಾಗುತ್ತದೆ, ಆಮೇಲೆ ನಿದ್ದೆಯಿಲ್ಲ. ಅವಳಿಗೆ ಮತ್ತೆ ಕೆಮ್ಮು ಬಂದರೆ ಔಷಧಿ ಫ್ರಿಜ್ಜಿನ ಬಾಗಿಲಲ್ಲಿದೆ. ಈ ಕಾರ್ಡನ್ನು ನಿಮ್ಮ ಮಗನಿಗೆ ಗಟ್ಟಿಯಾಗಿ ಓದಿ ಹೇಳಿ.

ಹೊರಗೆ ಎಲ್ಲರೂ ಹಾರ್ನ್ ಹೊಡೆಯುತ್ತಿದ್ದಾರೆ. ಹೊಡೆಯಲಿ, ಕೀ ನನ್ನ ಹತ್ತಿರ ಇದೆ.

ನಿಮ್ಮ ಸೊಸೆ,
ಶ್ರೀರಂಜನಿ