ಕೊನೆಯ ಮುದ್ದೆ

ಜನವರಿ 6, ಸೋಮವಾರ. ಬೆಳಿಗ್ಗೆ 7
ಹಾಸ್ಟೆಲ್ ಬಚ್ಚಲ ಮುಂದಿನ ಬಕೆಟ್ ಸಾಲಿನಲ್ಲಿ ಇಪ್ಪತ್ತನೆಯವಳು ನಾನು. ಸರದಿ ಬರುವವರೆಗೆ ಬರೆಯೋಣ. ಕಾಲೇಜಿನಲ್ಲಿ ಹೊಸ ಕೋರ್ಸ್ — ಸೇವಕ ನಾಯಕತ್ವ. ಪ್ರಸನ್ನ ಕುಮಾರ್ ಸರ್ ಪಾಠ. ನಿಜವಾದ ನಾಯಕ ಎಲ್ಲರದೂ ಆದ ಮೇಲೆ ಉಣ್ಣುತ್ತಾನಂತೆ. ಇಪ್ಪತ್ತೊಂದು ದಿನ ಸೇವೆ ಮಾಡಿ ಡೈರಿ ಸಬ್ಮಿಟ್ ಮಾಡಬೇಕು. ಇಪ್ಪತ್ತು ಮಾರ್ಕ್ಸ್. ಅದು ಬೇರೆ ನೋಟ್‌ಬುಕ್. ಅದರಲ್ಲಿ ವಿನಯ ಬರೆಯುತ್ತೇನೆ. ಇದರಲ್ಲಿ ನಿಜ — ಇಪ್ಪತ್ತಕ್ಕೆ ಇಪ್ಪತ್ತೂ ಬೇಕು.

ಜನವರಿ 8
ಸೇವೆಗೆ ಜಾಗ ಹುಡುಕಬೇಕಾಗಲಿಲ್ಲ. ನಮ್ಮ ಹಾಸ್ಟೆಲ್ ಅಡುಗೆಮನೆ ಇದೆಯಲ್ಲ. ಅಡುಗೆಯ ಹನುಮಕ್ಕ ಐ.ಡಿ.ಹಳ್ಳಿ ಕಡೆಯವಳು, ಸ್ಟೋರ್ ರೂಮಿನಲ್ಲೇ ವಾಸ. ಅವಳು ಕಟ್ಟುವ ಮುದ್ದೆ ನಿಂಬೆಹಣ್ಣಿನಷ್ಟು ಅಂತ ಎಲ್ಲರ ಗೊಣಗಾಟ. ಮಿಕ್ಕ ಹಿಟ್ಟು ಎಲ್ಲಿಗೆ ಹೋಗುತ್ತೆ? ತಿಳಿಯದಷ್ಟು ದಡ್ಡಿಯಲ್ಲ ನಾನು. ಕದಿಯುತ್ತಾಳೆ.
ವಾರ್ಡನ್ ಶಿವರುದ್ರಮ್ಮ ಮೇಡಂ ಒಪ್ಪಿದರು. ಇವತ್ತಿನಿಂದ ಕಟ್ಟೋದು, ಬಡಿಸೋದು ನಾನೇ.
"ಯಾಕವ್ವ, ಕೈ ಸುಟ್ಕೊಂತೀಯ," ಅಂದಳು ಹನುಮಕ್ಕ.
"ನೀನು ರೆಸ್ಟ್ ತಗೋ."
ಅರವತ್ತನಾಲ್ಕು ಹುಡುಗಿಯರಿಗೆ ಅರವತ್ತನಾಲ್ಕು ಮುದ್ದೆ, ಅಂಗೈ ತುಂಬ. ತಪ್ಪಲೆಯಲ್ಲಿ ಚೂರೂ ಉಳಿಯಲಿಲ್ಲ. ಕೊನೆಯದು ನನ್ನದು. ಚಪ್ಪಾಳೆ! ಕೈ ಉರಿಯುತ್ತಿದೆ. ಆದರೂ ಖುಷಿ.

ಜನವರಿ 13
ರಾಯಚರ್ಲಿನಿಂದ ಅಮ್ಮನ ಫೋನ್. ಮೊದಲ ಮಾತು ಯಾವತ್ತೂ ಒಂದೇ, ತೆಲುಗಿನಲ್ಲಿ — "ತಿನ್ನಾವಾ ಸಹನಾ?" ಉಂಡೆಯಾ ಅಂತ. ಎಲ್ಲರೂ ಉಂಡ ಮೇಲೆ ತಿಂದೆ ಅಂದೆ. "ಅದ್ಯಾಕೆ ಅಂಗೆ?" ಅಂತ ಗಾಬರಿಯಾದಳು. ಕೋರ್ಸ್ ಕಣಮ್ಮ ಅಂದೆ.
ನಾನು ಉಣ್ಣಲು ಕೂತರೆ ಹನುಮಕ್ಕ ಎದ್ದು ಖಾಲಿ ತಪ್ಪಲೆಗೆ ನೀರು ಬಿಡುತ್ತಾಳೆ. "ನಿಂದು?" ಅಂತ ಇವತ್ತು ಕೇಳಿದೆ. "ನಂದಾಯ್ತದೆ ಬುಡವ್ವ, ನೀನುಣ್ಣು." ಮುದ್ದೆ ಬಿಸಿ ಇತ್ತು. ಉಂಡೆ.

ಜನವರಿ 17
ಸರ್ ಬಂದು ನಾನು ಬಡಿಸುವ ಫೋಟೋ ತೆಗೆದರು. "ಸ್ವಲ್ಪ ಆಚೆ ಸರಿಯಮ್ಮ," ಅಂದರು ಹನುಮಕ್ಕನಿಗೆ. ಗೋಡೆ ಹಿಡಿದು ಸರಿದಳು.
"ಸುಗರ್ ಅಲ್ವೇನವ್ವ," ಅಂದಳು ಆಮೇಲೆ. "ಒಂದೊಂದ್ಸಲ ಇಂಗೇ, ತಲೆ ಗಿರ್ ಅಂತದೆ. ಮಾತ್ರೆ ಮಾತ್ರ ಒಂದಿನಾನೂ ಬುಟ್ಟಿಲ್ಲ."
ಒಳ್ಳೇದು ಅಂದೆ. ಮಾರ್ಕ್ಸಿನ ಡೈರಿಯಲ್ಲಿ ಬರೆದೆ: ಅಡುಗೆಯವರ ಆರೋಗ್ಯ ವಿಚಾರಿಸಿದೆ.

ಜನವರಿ 22. ಮಧ್ಯಾಹ್ನ, ಆಸ್ಪತ್ರೆ
ಬೆಳಿಗ್ಗೆ ರವೆ ಸೀದ ವಾಸನೆ. ಓಡಿದೆವು. ಹನುಮಕ್ಕ ಒಲೆ ಮುಂದೆ ಬಿದ್ದಿದ್ದಳು. ಮೈಯೆಲ್ಲ ಬೆವರು. ಕರೆದರೆ ಕಣ್ಣು ಬಿಡಲಿಲ್ಲ. ಮೇಡಂ ಜೊತೆ ಆಂಬುಲೆನ್ಸ್ ಹತ್ತಿದೆ.
ಡಾಕ್ಟರ್ ಅಂದರು — ಶುಗರ್ ಪೂರ್ತಿ ಇಳಿದಿದೆ. ಖಾಲಿ ಹೊಟ್ಟೆಗೆ ಮಾತ್ರೆ ನುಂಗಿದ್ದಾರೆ. ಸರಿಯಾಗಿ ಊಟ ಮಾಡಿದ್ದು ಯಾವಾಗ?
ಹೊರಗೆ ಬಂದ ಮೇಲೆ ಮೇಡಂ ಅಂದರು, "ಅವಳ ಹೆಸರಿಗೆ ರೇಷನ್ ಬರಲ್ಲ ಕಣಮ್ಮ. ತಿಂಡೀನೂ ಊಟಾನೂ ನಿಮ್ಮ ಹಾಜರಿಗೆ ಮಾತ್ರ. ಒಂದೊಂದು ಮುದ್ದೇಲೂ ಚೂರುಚೂರು ಉಳಿಸಿ ಕೊನೇಲಿ ತನಗೊಂದು ಕಟ್ಕೊತಿದ್ಲು. ಎಲ್ಲಾ ಕಡೆ ಹಂಗೇ ಅಲ್ವಾ..."
ಅದನ್ನೇ ನಾನು ಕಳ್ಳತನ ಅಂದದ್ದು. ಎರಡು ವಾರ ಅವಳ ಮುದ್ದೆಯನ್ನು ಅರವತ್ತನಾಲ್ಕು ಪಾಲು ಮಾಡಿ ಹಂಚಿದೆ. ಅವಳು ಟೀ ಕುಡಿದು, ಮಿಕ್ಕ ಸಾರು ಕುಡಿದು ದಿನ ದೂಡಿದ್ದಾಳೆ.

ಜನವರಿ 23
ಎಚ್ಚರ ಬಂದಿಲ್ಲ. ತುಮಕೂರಿಗೆ ಕಳಿಸಿದರು.

ಜನವರಿ 30
ಹೋಗಿಬಿಟ್ಟಳು. ಮೊನ್ನೆ.
ಮಗಳು ಮಂಜಮ್ಮ ಸಾಮಾನು ಒಯ್ಯಲು ಬಂದಿದ್ದಳು. ಚಾಪೆ, ಎರಡು ಸೀರೆ, ಒಂದು ತಟ್ಟೆ. ಎಲ್ಲ ಹೇಳಿಬಿಡಬೇಕು ಅಂತಲೇ ಹೋದೆ. ಅವಳೇ ನನ್ನ ಕೈ ಹಿಡಿದಳು.
"ಸಹನಾ ಅಂದ್ರೆ ನೀನೇನವ್ವ? ಫೋನ್ ಮಾಡಿದ್ರೆ ನಮ್ಮವ್ವಂಗೆ ನಿಂದೇ ಸುದ್ದಿ. ಓದೋ ಮಗ ಬಂದು ನನ್ ಕೆಲ್ಸ ಮಾಡ್ತದೆ, ಎಲ್ರುದೂ ಆದ್ಮೇಲೆ ಉಣ್ತದೆ. ಅದ್ರ ಮುಂದೆ ನಂಗೂ ಒಂದ್ ಮುದ್ದೆ ಮಡಗು ಅಂತ ಹೆಂಗ್ ಕೇಳ್ಲಿ ಅಂತಿದ್ಲು. ನಗ್ತಾ ಹೇಳೋಳು ಕಣವ್ವ."
ತಟ್ಟೆ ತೊಳೆದುಕೊಟ್ಟೆ. ಹೇಡಿ ನಾನು.

ಫೆಬ್ರವರಿ 3, ಸೋಮವಾರ. ಸಂಜೆ 7
ಇಪ್ಪತ್ತಕ್ಕೆ ಇಪ್ಪತ್ತು, ಹದಿನಾಲ್ಕೇ ದಿನ ಬರೆದಿದ್ದರೂ. ಸರ್ ಸ್ಟೇಜಿಗೆ ಕರೆದು ಮಾರ್ಕ್ಸಿನ ನೋಟ್‌ಬುಕ್ ಕೊಟ್ಟರು. "ಒಂದು ಪುಟ ಓದಮ್ಮ, ಎಲ್ಲರೂ ಕಲೀಲಿ." ತೆರೆದೆ. 'ಇಂದೂ ಎಲ್ಲರಿಗಿಂತ ಕೊನೆಗೆ ಉಂಡವಳು ನಾನು.' ನನ್ನದೇ ದುಂಡು ಅಕ್ಷರ.
"ಇದು ಸುಳ್ಳು ಸರ್," ಅಂದೆ ಮೈಕಿನಲ್ಲಿ. ವಿನಯ ಅಂದುಕೊಂಡರು. ಚಪ್ಪಾಳೆ ತಟ್ಟಿದರು. ಸರ್ ಬೆನ್ನು ತಟ್ಟಿ ಮೈಕ್ ತೆಗೆದುಕೊಂಡರು.
ಈಗ ಹಾಸ್ಟೆಲ್ ಅಡುಗೆಮನೆ ಬಾಗಿಲಲ್ಲಿ ಕೂತು ಬರೆಯುತ್ತಿದ್ದೇನೆ. ಹೊಸ ಅಡುಗೆಯವಳು ಬಂದಿದ್ದಾಳೆ. ಹೆಸರು ಗೊತ್ತಿಲ್ಲ. ಮುದ್ದೆ ಕಟ್ಟುತ್ತಿದ್ದಾಳೆ, ಸಣ್ಣ ಸಣ್ಣದು. ಊಟದ ಮನೆಯಿಂದ ಕೂಗು — "ಸಹನಾ, ನೀನೇ ಕಟ್ಟು ಬಾರೇ!" ಅವಳು ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಾಳೆ. ಎದ್ದು ಹೋಗಬೇಕು. ಮೊದಲು ಹೆಸರು ಕೇಳಬೇಕು. ಆಮೇಲೆ, ನಿನ್ನ ಊಟ ತೆಗೆದಿಟ್ಟಿದ್ದೀಯಾ ಅಂತ.