ಪಂಚಮಿಗೆ ಕೀಲಿ ಹಾಕದ ಮನೆ

ಜಮಖಂಡಿ, ೨೦೦೩ ಜುಲೈ ೨೦. ರಾತ್ರಿ ೨.೧೦

ಮೇಲಿನ ಟಾಕಿಗೆ ನೀರು ಬೀಳುವ ಸದ್ದಿಗೆ ಎಚ್ಚರವಾಯಿತು. ನಮ್ಮ ನಳ ಮಾತ್ರ ಒಣ. ಮಾಲೀಕ ರಾವಸಾಹೇಬರು ವಾಲ್ವ್ ತಿರುವಿ ನಾಲ್ಕು ದಿನವಾಯಿತು. ಮನೆ ಬಿಡಿಸಿ ರಸ್ತೆಗೆ ಅಂಗಡಿ ಕಟ್ಟಬೇಕಂತೆ. ಇವರು ಬೆಂಗಳೂರು ಬಸ್ಸಿನ ಡ್ಯೂಟಿಗೆ ಹೋಗಿದ್ದಾರೆ. ಕಂಡಕ್ಟರನ ಹೆಂಡತಿಗೆ ರಾತ್ರಿ ಎಂದರೆ ಕೂಸು ಮತ್ತು ಗೋಡೆ. ಅಂಜನಾ ಹಾಲು ಕುಡಿದು ಮಲಗಿದಳು. ನನಗೆ ನಿದ್ದೆ ಇಲ್ಲ. ಬೆಳಿಗ್ಗೆ ಎದುರು ಮನೆಯ ವಕೀಲೆ ಕ್ಷಮಾ ಅಕ್ಕನ ಹತ್ತಿರ ಹೋಗುವುದೇ ಸೈ. ಬಿ.ಎ. ಓದಿದವಳು ಮಂದಿಯ ಮನೆಯಿಂದ ಕೊಡ ಹೊತ್ತು ಸುಮ್ಮನಿರಲಾರೆ.

ಜುಲೈ ೨೫

ಕ್ಷಮಾ ಅಕ್ಕ ಹಾಕಿದ ಅರ್ಜಿಗೆ ಕೋರ್ಟಿನಿಂದ ತಡೆಯಾಜ್ಞೆ ಸಿಕ್ಕಿತು. ಸಂಜೆಗೇ ನೀರು ಬಂತು. ಕೋರ್ಟಿನ ಆದೇಶ ಇಲ್ಲದೆ ನಮ್ಮನ್ನು ಹೊರಹಾಕುವಂತಿಲ್ಲ, ನೀರು-ಕರೆಂಟು ಕಡಿಯುವಂತಿಲ್ಲ. ಕುಣಿಯುವುದೊಂದು ಬಾಕಿ. ಅಕ್ಕ ತಡೆದಳು.

“ಕಾಯ್ದೆ ನಿನ್ನ ಕಡೆ ಐತಿ, ಖರೆ. ಕಬ್ಜಾನೂ ನಿನ್ನ ಕಡೆನ ಇರಬೇಕು. ಕೋರ್ಟಿನ ಮುಂದಿನ ತಾರೀಖು ಆಗಸ್ಟ್ ನಾಲ್ಕಕ್ಕ. ಅಲ್ಲೀತನಕ ಮನಿ ಖಾಲಿ ಬಿಡಬ್ಯಾಡ. ಅಂವ ತನ್ನ ಕೀಲಿ ಜಡದು, ಅವರಾಗೇ ಬಿಟ್ಟು ಹೋದ್ರು ಅಂದ್ರ, ಮತ್ತ ಒಳಗ ಬರಾಕ ವರ್ಷಗಟ್ಟಲೆ ಅಲೀಬೇಕು.”

ಜುಲೈ ೨೮

ರಾವಸಾಹೇಬರು ಬಾಗಿಲಿಗೆ ಬಂದರು. ಕೋರ್ಟಿನ ಮಾತಿಲ್ಲ, ನೀರಿನ ಮಾತಿಲ್ಲ. ಕೈಯಲ್ಲಿ ಶೇಂಗಾ ಉಂಡೆಯ ಡಬ್ಬಿ.

“ಪಂಚಮಿ ಬಂತಲ್ಲವಾ. ಚೊಚ್ಚಲ ಕೂಸು, ತವರಿಗೆ ಹೋಗಂಗಿಲ್ಲೇನ? ನನ್ನ ಜೀಪ್ ಐತಿ. ಅನಗವಾಡಿತನಕ ಬಿಟ್ಟ ಬರತೇನಿ.”

“ಬ್ಯಾಡ್ರೀ ಕಾಕಾ. ಈ ಸಲ ಜೋಕಾಲಿ ಇಲ್ಲೇ ಕಟ್ಟತೇವ್ರಿ. ನಿಮ್ಮ ತೊಲಿ ಗಟ್ಟಿ ಅದಾವಲ್ರಿ.”

ತಲೆ ಎತ್ತಿ ತೊಲೆ ನೋಡಿದರು. ಡಬ್ಬಿ ಕೊಡುವುದನ್ನೇ ಮರೆತು ಹೋದರು.

ಜುಲೈ ೩೦

ತಮ್ಮ ಶಿವಾಜಿ ಕರೆಯಲು ಬಂದ. ಹೋಗಲಿಲ್ಲ. ಮದುವೆಯಾದ ಮೇಲೆ ಪಂಚಮಿಗೆ ತವರು ತಪ್ಪಿದ್ದು ಇದೇ ಮೊದಲು...

“ಅವ್ವ ಓಣಿಗೆಲ್ಲಾ ಹೇಳ್ಯಾಳ, ಮಗಳು ಬರತಾಳಂತ. ಬಾಡಗಿ ಮನಿ ಸಲುವಾಗಿ ತವರು ಬಿಡತೀಯೇನಬೇ ಅಕ್ಕಾ?”

ಬಾಡಿಗೆ ಮನೆಯೂ ಮನೆಯೇ ಎಂದೆ. ಕ್ಷಮಾ ಅಕ್ಕನ ಫೋನ್ ನಂಬರ್ ಕೊಟ್ಟೆ. ಏನೇ ಇದ್ದರೂ ಇದಕ್ಕೇ ಮಾಡು, ಹಿಂದಿನಂತೆ ಮಾಲೀಕರ ಮನೆಗೆ ಮಾತ್ರ ಮಾಡಬೇಡ ಎಂದು ಎರಡು ಸಲ ಹೇಳಿದೆ. ಚೀಟಿಯನ್ನು ನೋಡದೇ ಕಿಸೆಗೆ ತುರುಕಿದ. ಉಣ್ಣದೇ ಬಸ್ಸು ಹತ್ತಿದ.

ಆಗಸ್ಟ್ ೧. ರಾತ್ರಿ ೧೧

ಒಂಬತ್ತಕ್ಕೆ ರಾವಸಾಹೇಬರು ಬಂದರು. ಊರಿನಿಂದ ಅವರ ಮನೆಗೆ ಫೋನ್ ಬಂದಿತ್ತಂತೆ — ಅವ್ವ ಬಚ್ಚಲಲ್ಲಿ ಬಿದ್ದಿದ್ದಾಳೆ, ಮಾತು ನಿಂತಿದೆ, ಮಗಳನ್ನು ಕಳಿಸಿರಿ. ಯಾರು ಮಾಡಿದ್ದು ಎಂದರೆ, ಗಂಡಸಿನ ದನಿ, ಹೆಸರು ಹೇಳುವುದರೊಳಗೆ ಲೈನ್ ಕಟ್ಟಾಯಿತಂತೆ.

ಸುಳ್ಳೇ ಇರಬೇಕು. ಆದರೆ ಈ ಸಲ ಜೀಪಿನ ಮಾತು ತೆಗೆಯಲಿಲ್ಲ. ನನ್ನನ್ನು ಸಾಗಿಸುವ ಆಟವಾಗಿದ್ದರೆ ತೆಗೆಯುತ್ತಿದ್ದರು; ಅದಕ್ಕೇ ಹೆದರಿಕೆ.

ಕ್ಷಮಾ ಅಕ್ಕನ ಮನೆಯಿಂದ ಊರಿನ ಕಿರಾಣಿ ಅಂಗಡಿಗೆ ಫೋನ್ ಹಚ್ಚಿದೆವು. ಅಲ್ಲಿ ಅದೊಂದೇ ಫೋನ್. ರಿಂಗ್ ಆಗುತ್ತದೆ, ಎತ್ತುವವರಿಲ್ಲ. ಇವರು ಬರುವುದು ನಾಳಿದ್ದು. ನಾನು ಹೋಗಿ ಬರುವತನಕ ನೀನೇ ನಮ್ಮ ಮನೆಯಲ್ಲಿ ಮಲಗು ಎಂದು ಅಕ್ಕನಿಗೆ ಹೇಳಿದೆ. ವಕೀಲೆಯೇ ಮನೆ ಹೊಕ್ಕು ಕೂತರೆ ಕೇಸೇ ಕೆಡುತ್ತದೆ ಎಂದಳು.

೩.೩೦

ಚೀಲ ತುಂಬಿದೆ. ಬಿಚ್ಚಿದೆ. ಮತ್ತೆ ತುಂಬಿದೆ. ಊರಿಗೆ ಹೋಗುವ ಬೀಳಗಿ ಬಸ್ಸು ಐದೂವರೆಗೆ.

ಮನೆ ಬಿಡುವುದಿಲ್ಲ — ಅದು ಗಟ್ಟಿ. ಅವ್ವನನ್ನು ಬಿಡುವುದೂ ಇಲ್ಲ. ಯಾವುದು ಖರೆ ಎಂದು ಗೊತ್ತಾದರೆ ಸಾಕು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.

ಅಕ್ಕನ ಕಿಟಕಿಯಲ್ಲಿ ಇನ್ನೂ ದೀಪ ಇದೆ. ಫೋನಿನ ಪಕ್ಕದಲ್ಲೇ ಕೂತಿದ್ದಾಳೆ. ಶಿವಾಜಿ, ಅಂಗಡಿಯವನನ್ನು ಎಬ್ಬಿಸು. ಸಿಟ್ಟಿದ್ದರೆ ಇರಲಿ, ಫೋನಿನಲ್ಲೇ ಬೈಯಿ. ಅವ್ವ ಉಂಡು ಮಲಗಿದ್ದಾಳೆ ಎನ್ನು, ಇಲ್ಲವೇ ಬಾ ಎನ್ನು... ಬಂದೇ ಬರುತ್ತೇನೆ. ಒಂದೇ ಒಂದು ಫೋನ್ ಮಾಡೋ ತಮ್ಮಾ, ಬೆಳಗಾಗುವುದರೊಳಗೆ, ಐದರೊಳಗಾದರೂ —